ತಲಪಾಡಿ ದಾಟುವಷ್ಟರಲ್ಲಿ ಎಷ್ಟು ಉಳಿಯುತ್ತದೆ?

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯವರಿಗೆ ಡಾಕ್ಟರು ಬೋನ್ ಸ್ಕ್ಯಾನ್ ಅಥವಾ ಪೆಟ್ ಸ್ಕ್ಯಾನ್ ಬರೆದುಕೊಟ್ಟರೆ ಮನೆಯವರು ಮೊದಲು ಕೇಳುವುದು, ಬೆಳಗ್ಗೆ ಎಷ್ಟು ಗಂಟೆಗೆ ಮಂಗಳೂರಲ್ಲಿರಬೇಕು ಎಂದು. ಕಾಞಂಗಾಡಿನಿಂದ ಆಚೆಯವರಾದರೆ ತಲಶ್ಶೇರಿಯತ್ತ ಮುಖ ಮಾಡುತ್ತಾರೆ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣಕ್ಕೆ ಕರ್ನಾಟಕ ತನ್ನ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿ, ವಿಷಯ ಕೇರಳ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿನವರೆಗೆ ಹೋದಾಗ ಈ ಅವಲಂಬನೆ ಎಷ್ಟು ತೆಳುವಾದ ದಾರದ ಮೇಲೆ ನಿಂತಿದೆ ಎಂಬುದು ಕಾಸರಗೋಡು ಜಿಲ್ಲೆಗೆಲ್ಲ ಗೊತ್ತಾಯಿತು. ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಮೂರು ವರ್ಷದೊಳಗೆ ಡೇ ಕೇರ್ ಕ್ಯಾನ್ಸರ್ ಕೇಂದ್ರ ಎಂದು 2025-26ರ ಕೇಂದ್ರ ಬಜೆಟ್ ಹೇಳಿದೆ. ಕೀಮೋ ಇಲ್ಲೇ ಸಿಗುವುದಾದರೆ ಸ್ಕ್ಯಾನ್ ಮಾತ್ರ ಯಾಕೆ ಗಡಿಯಾಚೆ ಎಂಬ ಪ್ರಶ್ನೆ ಸಹಜ.

ಆದರೆ ಈ ಸ್ಕ್ಯಾನುಗಳಿಗೆ ಮೊದಲು ರೋಗಿಯ ಮೈಗೆ ವಿಕಿರಣಶೀಲ ಔಷಧಿ ಸೇರಿಸಬೇಕು, 'ಸ್ಕ್ಯಾನ್' ಎಂಬ ಒಂದೇ ಮಾತಿನಲ್ಲಿ ಅಂಥ ನಾಲ್ಕೈದು ಬೇರೆ ಬೇರೆ ಸರಕು ಅಡಗಿದೆ. ಕೆಲವನ್ನು ಕಾಸರಗೋಡಿಗೆ ನಾಳೆಯೇ ತರಬಹುದು. ಕೆಲವನ್ನು ತರಲು ಹೊರಟರೆ ದಾರಿಯಲ್ಲೇ ಕರಗಿಹೋಗುತ್ತದೆ. ಕೆಲವು ಸುಖವಾಗಿ ಬಂದು ಸೇರುತ್ತವೆ, ಆದರೆ ಬಂದ ಮೇಲೆ ಇಟ್ಟುಕೊಳ್ಳಲು ನಮ್ಮಲ್ಲಿ ಜಾಗ ಸಿದ್ಧವಿಲ್ಲ. ಇವನ್ನು ಬೇರ್ಪಡಿಸಲು ಕಿಲೋಮೀಟರಿನ ಲೆಕ್ಕ ಸಾಲದು, ಅರ್ಧಾಯುಷ್ಯದ ಲೆಕ್ಕ ಬೇಕು.

ವಿಕಿರಣಶೀಲ ಪರಮಾಣುಗಳ ಒಂದು ರಾಶಿಯಲ್ಲಿ ಯಾವ ಪರಮಾಣು ಯಾವಾಗ ಒಡೆಯುತ್ತದೆ ಎಂದು ಹೇಳಲಾಗದು. ಇಡೀ ರಾಶಿಯಲ್ಲಿ ಅರ್ಧ ಒಡೆಯಲು ಎಷ್ಟು ಹೊತ್ತು ಬೇಕು ಎಂಬುದನ್ನು ಮಾತ್ರ ನಿಖರವಾಗಿ ಹೇಳಬಹುದು, ಅದೇ ಅರ್ಧಾಯುಷ್ಯ. ಪೆಟ್ ಸ್ಕ್ಯಾನಿನ ಫ್ಲೋರಿನ್-18ಕ್ಕೆ ಅದು 110 ನಿಮಿಷ. ಬೋನ್ ಸ್ಕ್ಯಾನಿನ ಟೆಕ್ನೀಷಿಯಂ-99ಎಂಗೆ 6 ಗಂಟೆ, ಅದನ್ನು ಹೆರುವ ಮಾಲಿಬ್ಡಿನಂ-99ಕ್ಕೆ 66 ಗಂಟೆ. ಥೈರಾಯಿಡ್ ಚಿಕಿತ್ಸೆಯ ಅಯೋಡಿನ್-131ಕ್ಕೆ 8 ದಿನ. ತಣ್ಣಗಿಟ್ಟರೂ ಬಿಸಿ ಮಾಡಿದರೂ ಒತ್ತಡ ಹಾಕಿದರೂ ಈ ಅಂಕಿ ಅಲುಗುವುದಿಲ್ಲ. ಚಾಲಿ ಅಡಿಕೆಯಂತೆ ಗೋದಾಮಿನಲ್ಲಿಟ್ಟು ಹಳತು ಮಾಡಿ ಹೆಚ್ಚು ಬೆಲೆಗೆ ಮಾರುವ ಮಾಲು ಇದಲ್ಲ.

ಫ್ಲೋರಿನ್ ಪೇಚಾಟ

ಪೆಟ್ ಸ್ಕ್ಯಾನಿಗೆ ಬೇಕಾದ ಎಫ್‌ಡಿಜಿ ಎಂದರೆ ಫ್ಲೋರಿನ್-18 ಅಂಟಿಸಿದ ಗ್ಲೂಕೋಸ್. ಸೈಕ್ಲೋಟ್ರಾನ್ ಯಂತ್ರದಲ್ಲಿ ಪ್ರೋಟಾನುಗಳನ್ನು 11ರಿಂದ 18 ಎಂಇವಿ ಶಕ್ತಿಗೆ ಓಡಿಸಿ, ಆಕ್ಸಿಜನ್-18 ತುಂಬಿದ ವಿಶೇಷ ನೀರಿಗೆ ಗುರಿಯಿಟ್ಟು ಹೊಡೆಯುತ್ತಾರೆ. ನೀರು ಬರೀ ಎರಡು ಮೂರು ಮಿಲಿಲೀಟರ್, ಆದರೆ ಬಹಳ ದುಬಾರಿ. ಒಂದೆರಡು ಗಂಟೆ ಹೊಡೆದ ಮೇಲೆ ನೀರಲ್ಲಿ ಹುಟ್ಟಿದ ಫ್ಲೋರೈಡನ್ನು ಅಯಾನು ಹಿಡಿಯುವ ಪುಟ್ಟ ಕಾರ್ಟ್ರಿಜ್ಜಿನಲ್ಲಿ ಹಿಡಿದು, ಅಸಿಟೋನೈಟ್ರೈಲ್ ಎಂಬ ದ್ರಾವಕ ಹಾಕಿ ಮತ್ತೆ ಮತ್ತೆ ಒಣಗಿಸುತ್ತಾರೆ. ಈ ಒಣಗಿಸುವ ಹಂತದಲ್ಲಿ ಬ್ಯಾಚು ಕೆಡಬಹುದು. ತೇವ ಉಳಿದರೆ ಫ್ಲೋರೈಡ್ ಅಯಾನು ನೀರಿನ ಅಣುಗಳಿಗೆ ಅಂಟಿಕೊಂಡು ಕೂರುತ್ತದೆ, ಮುಂದಿನ ಹಂತದಲ್ಲಿ ಎಫ್‌ಡಿಜಿಗೆ ಕಚ್ಚಾವಸ್ತುವಾದ ಮ್ಯಾನೋಸ್ ಟ್ರೈಫ್ಲೇಟಿನ ಜೊತೆ ಕೂಡುವುದಿಲ್ಲ, ಇಳುವರಿ ನೆಲಕಚ್ಚುತ್ತದೆ. ಆಮೇಲೆ ಜಲವಿಚ್ಛೇದನ, ಶುದ್ಧೀಕರಣ, 0.22 ಮೈಕ್ರಾನ್ ಫಿಲ್ಟರ್. ಎಲ್ಲ ಸೇರಿ ಅರ್ಧ ಗಂಟೆ. ಗುಣಮಟ್ಟ ಪರೀಕ್ಷೆಗೆ ಇನ್ನರ್ಧ ಗಂಟೆ: ಪಿಎಚ್, ಉಳಿದ ಕ್ರಿಪ್ಟೋಫಿಕ್ಸ್ (ಕ್ರಿಯೆಗೆ ನೆರವಾಗಲು ಹಾಕಿದ ರಾಸಾಯನಿಕ), ಉಳಿದ ದ್ರಾವಕ, ಎಂಡೋಟಾಕ್ಸಿನ್ (ಬ್ಯಾಕ್ಟೀರಿಯದ ವಿಷ), ಅರ್ಧಾಯುಷ್ಯ 105ರಿಂದ 115 ನಿಮಿಷದೊಳಗಿದೆಯೇ ಎಂಬ ಅಳತೆ. ಈ ಒಂದು ಗಂಟೆಯಲ್ಲೇ ಸರಕಿನ ಮೂರನೇ ಒಂದು ಭಾಗ ಹೋಗಿರುತ್ತದೆ. ಸೂಕ್ಷ್ಮಜೀವಿ ಪರೀಕ್ಷೆಯ ಫಲಿತಾಂಶಕ್ಕೆ 14 ದಿನ ಬೇಕು. ಅಷ್ಟರಲ್ಲಿ ಔಷಧಿ ರೋಗಿಯ ಮೈ ಸೇರಿ, ಸ್ಕ್ಯಾನ್ ಆಗಿ, ವರದಿಯೂ ಕೈಗೆ ಬಂದಿರುತ್ತದೆ. ಫಲಿತಾಂಶ ಬರುವ ಮೊದಲೇ ಔಷಧಿಯನ್ನು ಹೊರಬಿಡುವುದು ಈ ಕ್ಷೇತ್ರದಲ್ಲಿ ಒಪ್ಪಿತ ಕ್ರಮ, ಬೇರೆ ದಾರಿಯೂ ಇಲ್ಲ. ಪ್ರತಿ ಬ್ಯಾಚಿನಲ್ಲೂ ಫಿಲ್ಟರು ತೂತಾಗಿಲ್ಲ ಎಂದು ಗಾಳಿಯ ಒತ್ತಡ ಹಾಕಿ ನೋಡುವುದು ಅದಕ್ಕೇ.

ಈಗ ರಸ್ತೆಯ ಲೆಕ್ಕ. ಸೈಕ್ಲೋಟ್ರಾನ್ ಎಂಟು ಗಂಟೆಯ ದಾರಿಯಲ್ಲಿದೆ ಎಂದುಕೊಳ್ಳಿ. 480 ನಿಮಿಷವೆಂದರೆ ನಾಲ್ಕು ಚಿಲ್ಲರೆ ಅರ್ಧಾಯುಷ್ಯ. ತಲುಪುವಾಗ ಉಳಿಯುವುದು ನೂರಕ್ಕೆ ಐದು ಸಹ ಇಲ್ಲ. ಒಬ್ಬ ರೋಗಿಗೆ 370 ಮೆಗಾಬೆಕರೆಲ್ (ವಿಕಿರಣದ ಅಳತೆ, ಸಾವಿರ ಮೆಗಾ ಸೇರಿದರೆ ಒಂದು ಗಿಗಾ) ಬೇಕಿದ್ದರೆ ಹೊರಡುವಾಗ 7.7 ಗಿಗಾಬೆಕರೆಲ್ ತುಂಬಬೇಕು, ಅಂದರೆ ಇಪ್ಪತ್ತು ಜನರ ಔಷಧಿಯನ್ನು ಒಬ್ಬರಿಗಾಗಿ ದಾರಿಗೆ ಚೆಲ್ಲಿದ ಹಾಗೆ. ಅದೇ ಒಂದೂವರೆ ಗಂಟೆಯ ದೂರದಲ್ಲಿದ್ದರೆ 57 ಪ್ರತಿಶತ ಉಳಿಯುತ್ತದೆ, ಧಾರಾಳವಾಗಿ ಸಾಕು. ಹಾಗಾಗಿ ಕಾಸರಗೋಡಿಗೆ ಪೆಟ್ ಬರಬೇಕೇ ಎಂಬ ಪ್ರಶ್ನೆಯ ಉತ್ತರ ಕಾಸರಗೋಡಿನಲ್ಲಿಲ್ಲ. ಎರಡು ಗಂಟೆಯ ಆಸುಪಾಸಿನಲ್ಲಿ ಸೈಕ್ಲೋಟ್ರಾನ್ ಇದೆಯೇ, ಅದು ಬೆಳಗಿನ ಜಾವದ ಬ್ಯಾಚಿನಲ್ಲಿ ನಮಗೂ ಪಾಲು ಕೊಡುತ್ತದೆಯೇ ಎಂಬುದರ ಮೇಲೆ ನಿಂತಿದೆ. ಇಲ್ಲದಿದ್ದರೆ ಕೋಟಿಗಟ್ಟಲೆ ಸುರಿದು ತಂದ ಸ್ಕ್ಯಾನರು ವಾರದಲ್ಲಿ ಒಂದೋ ಎರಡೋ ದಿನ ಕಣ್ಣು ಬಿಡುತ್ತದೆ.

ಬೆಳಗ್ಗೆ ಕರೆಯುವ ಹಸು

ಟೆಕ್ನೀಷಿಯಂ ವಿಷಯ ಹಾಗಲ್ಲ. ಆರು ಗಂಟೆಯ ಅರ್ಧಾಯುಷ್ಯದ್ದನ್ನು ದೂರದಿಂದ ತರುವ ಗೋಜೇ ಬೇಡ. 66 ಗಂಟೆ ಬಾಳುವ ತಾಯಿಯನ್ನು ತಂದಿಟ್ಟುಕೊಂಡು, ಬೇಕಾದಾಗ ಮಗುವನ್ನು ಬೇರ್ಪಡಿಸಿಕೊಂಡರಾಯಿತು. ಈ ಪೆಟ್ಟಿಗೆಗೆ ಜನರೇಟರ್ ಎಂದು ಹೆಸರು. ಕೆಲಸ ಮಾಡುವವರ ಬಾಯಲ್ಲಿ ಅದು 'ಹಸು', ದಿನಾ ಬೆಳಗ್ಗೆ ಮಾಡುವ ಕೆಲಸ 'ಹಾಲು ಕರೆಯುವುದು'. ಗಾತ್ರದಲ್ಲಿ ನಮ್ಮ ಕಾಸರಗೋಡು ಗಿಡ್ಡಕ್ಕಿಂತಲೂ ಬಹಳ ಗಿಡ್ಡ. ಬಕೆಟ್ಟಿನಷ್ಟು ದೊಡ್ಡದು, ಒಳಗಿನ ಸೀಸದಿಂದಾಗಿ ಎತ್ತುವಾಗ ಮಾತ್ರ ಸೊಂಟಕ್ಕೆ ಗೊತ್ತಾಗುತ್ತದೆ.

ಒಳಗೆ ಬೆರಳುದ್ದದ ಗಾಜಿನ ಕೊಳವೆ, ಅದರಲ್ಲಿ ಅಲ್ಯುಮಿನಾ ಪುಡಿ. ಮಾಲಿಬ್ಡಿನಂ ಮಾಲಿಬ್ಡೇಟ್ ರೂಪದಲ್ಲಿ, ಎರಡು ಋಣ ಆವೇಶ ಹೊತ್ತು, ಪುಡಿಗೆ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಅದು ಕ್ಷಯಿಸಿ ಟೆಕ್ನೀಷಿಯಂ ಆದಾಗ ಸಿಗುವ ಪರ್ಟೆಕ್ನಿಟೇಟಿಗೆ ಒಂದೇ ಋಣ ಆವೇಶ, ಹಿಡಿತ ಸಡಿಲ. 0.9 ಪ್ರತಿಶತದ ಸಾದಾ ಸಲೈನ್ ಹರಿಸಿದರೆ ಅದು ತೊಳೆದುಕೊಂಡು ಹೊರಬರುತ್ತದೆ, ತಾಯಿ ಒಳಗೇ ಉಳಿಯುತ್ತದೆ. ಒಂದು ಸೂಜಿಗೆ ಸಲೈನ್ ಬಾಟಲಿ, ಇನ್ನೊಂದು ಸೂಜಿಗೆ ಸೀಸದ ಕವಚದೊಳಗಿನ ನಿರ್ವಾತ ಬಾಟಲಿ. ನಿರ್ವಾತವೇ ದ್ರವವನ್ನು ಎಳೆದುಕೊಳ್ಳುತ್ತದೆ, ಕೊನೆಗೆ ಗಾಳಿಯೂ ಹಾದು ಕೊಳವೆ ಒಣಗುತ್ತದೆ. ಬುಳುಬುಳು ಸದ್ದು ನಿಲ್ಲುವ ಮೊದಲೇ ಅವಸರಪಟ್ಟು ಬಾಟಲಿ ಕಿತ್ತರೆ ಕೊಳವೆಯಲ್ಲಿ ನೀರು ಉಳಿಯುತ್ತದೆ. ವಿಕಿರಣ ಆ ನೀರನ್ನು ಒಡೆದು ಎಬ್ಬಿಸುವ ಚೂರುಗಳು ಪರ್ಟೆಕ್ನಿಟೇಟಿನ ರೂಪ ಕೆಡಿಸುತ್ತವೆ, ಮರುದಿನ ಹಾಲು ಕಡಿಮೆ.

ಒಮ್ಮೆ ಕರೆದ ಮೇಲೆ ಮತ್ತೆ ಕೆಚ್ಚಲು ತುಂಬಲು ಸುಮಾರು 23 ಗಂಟೆ. ಕೆಲಸಕ್ಕೆ ಬರುವವರ ದಿನಚರಿಗೆ ಹೇಳಿ ಮಾಡಿಸಿದಂತಿದೆ. ಅವಸರವಿದ್ದರೆ ಆರು ಗಂಟೆಗೇ ಗರಿಷ್ಠದ 60 ಪ್ರತಿಶತ ಸಿಗುತ್ತದೆ, ಮಧ್ಯಾಹ್ನ ತುರ್ತು ರೋಗಿ ಬಂದರೆ ಅದೇ ಗತಿ. ಸೋಮವಾರ 18.5 ಗಿಗಾಬೆಕರೆಲ್ ಇದ್ದ ಹಸು ಶುಕ್ರವಾರ ಅದೇ ಹೊತ್ತಿಗೆ 6.7ಕ್ಕೆ ಇಳಿದಿರುತ್ತದೆ. ಶುಕ್ರವಾರ ಬೆಳಗ್ಗೆ ಕರೆದದ್ದು 5.4ರ ಹತ್ತಿರ ಬಂದೀತು, ಬೋನ್ ಸ್ಕ್ಯಾನಿಗೆ ತಲಾ 740 ಮೆಗಾಬೆಕರೆಲಿನಂತೆ, ಹೊತ್ತು ಸರಿದಂತೆ ಇಳಿಯುವುದನ್ನೂ ಸೇರಿಸಿದರೆ ಐದು ಜನಕ್ಕೆ ಸಾಕು. ವಾರದ ಕೊನೆಗೆ ಮೂತ್ರಪಿಂಡ, ಥೈರಾಯಿಡ್ ಸ್ಕ್ಯಾನಿನಂಥ ಕಡಿಮೆ ಪ್ರಮಾಣ ಸಾಕಾಗುವವರನ್ನು ಹಾಕಿಕೊಳ್ಳುವುದು ಇದೇ ಲೆಕ್ಕಾಚಾರದಿಂದ.

ಕರೆದದ್ದನ್ನು ಹಾಗೇ ಚುಚ್ಚುವಂತಿಲ್ಲ. ಮೊದಲ ಅನುಮಾನ, ತಾಯಿಯೂ ಸ್ವಲ್ಪ ಜಾರಿ ಬಂದಿದೆಯೇ ಎಂಬುದು. ಬಾಟಲಿಯನ್ನು ಸುಮಾರು ಆರು ಮಿಲಿಮೀಟರ್ ದಪ್ಪದ ಸೀಸದ ಡಬ್ಬಿಯಲ್ಲಿಟ್ಟು ಅಳೆಯುತ್ತಾರೆ. ಟೆಕ್ನೀಷಿಯಂನ 140 ಕೆಇವಿ ಶಕ್ತಿಯ ಗಾಮಾ ಕಿರಣ ಆ ಸೀಸದಲ್ಲೇ ಸತ್ತುಹೋಗುತ್ತದೆ, ಮಾಲಿಬ್ಡಿನಂನ 740 ಕೆಇವಿ ದಾಟಿ ಬರುತ್ತದೆ, ಹಾಗಾಗಿ ಮೀಟರಿನಲ್ಲಿ ಕಾಣುವುದು ಕಲಬೆರಕೆಯೇ. ಅಮೆರಿಕದ ಔಷಧ ಸಂಹಿತೆಯ ಮಿತಿ ಒಂದು ಮೆಗಾಬೆಕರೆಲ್ ಟೆಕ್ನೀಷಿಯಂಗೆ 0.15 ಕಿಲೋಬೆಕರೆಲ್ ಮಾಲಿಬ್ಡಿನಂ, ಅದೂ ರೋಗಿಗೆ ಕೊಡುವ ಗಳಿಗೆಯಲ್ಲಿ. ಹೊಸಬರು ಎಡವುವುದು ಈ ಕೊನೆಯ ಮಾತಿನಲ್ಲೇ. ಮಗು ಬೇಗ ಕರಗುತ್ತದೆ, ತಾಯಿ ನಿಧಾನ, ಹಾಗಾಗಿ ಬಾಟಲಿಯಲ್ಲಿ ಕಲಬೆರಕೆಯ ಪಾಲು ಪ್ರತಿ ಆರೂವರೆ ಗಂಟೆಗೆ ಇಮ್ಮಡಿಯಾಗುತ್ತದೆ. ಬೆಳಗ್ಗೆ 7ಕ್ಕೆ 0.06 ಇದ್ದು ಪಾಸಾದದ್ದು ಸಂಜೆ 7ಕ್ಕೆ 0.21 ಆಗಿ ಫೇಲು. 12 ಗಂಟೆ ಬಳಸಬೇಕೆಂದಿದ್ದರೆ ಬೆಳಗಿನ ಅಂಕಿ 0.04ರ ಒಳಗಿರಬೇಕು.

ಕೊಳವೆಯ ಪುಡಿಯಿಂದ ಅಲ್ಯುಮಿನಿಯಂ ಜಾರಿ ಬಂದಿದೆಯೇ ಎಂಬ ಪರೀಕ್ಷೆ ಒಂದು ಬಣ್ಣದ ಕಾಗದದ ಕೆಲಸ, ಒಂದು ನಿಮಿಷದ್ದು. ನಿಜವಾಗಿ ತಲೆತಿನ್ನುವುದು ಕಣ್ಣಿಗೆ ಬೀಳದ ಇನ್ನೊಂದು. ಟೆಕ್ನೀಷಿಯಂ-99ಎಂ ಕ್ಷಯಿಸಿದರೆ ಟೆಕ್ನೀಷಿಯಂ-99 ಆಗುತ್ತದೆ, ಅದರ ಅರ್ಧಾಯುಷ್ಯ ಎರಡು ಲಕ್ಷ ವರ್ಷಕ್ಕೂ ಮಿಕ್ಕಿ. ಚಿತ್ರದಲ್ಲಿ ಕಾಣುವುದಿಲ್ಲ, ಆದರೆ ರಾಸಾಯನಿಕವಾಗಿ ತದ್ರೂಪಿ. ದಿನಾ ಕರೆದರೆ ಬಾಟಲಿಯ ಟೆಕ್ನೀಷಿಯಂ ಪರಮಾಣುಗಳಲ್ಲಿ ನೂರಕ್ಕೆ 28 ಕೆಲಸದವು. ಶುಕ್ರವಾರ ಕರೆದು ಸೋಮವಾರಕ್ಕೆ ಬಿಟ್ಟರೆ ನೂರಕ್ಕೆ 8 ಮಾತ್ರ, ಮಿಕ್ಕವೆಲ್ಲ ಸೋಮಾರಿಗಳು. ಟೆಕ್ನೀಷಿಯಂನ್ನು ಮೂಳೆಗೆ ಕೊಂಡೊಯ್ಯುವ ಎಂಡಿಪಿ ಎಂಬ ಔಷಧಿಯ ಕಿಟ್ಟಿನಲ್ಲಿ, ಅದನ್ನು ಅಂಟಿಸಲು ಬೇಕಾದ ತವರದ ಲವಣ ಇಷ್ಟೇ ಇಷ್ಟು. ಸೋಮಾರಿಗಳು ಅದನ್ನೆಲ್ಲ ತಿಂದು ಮುಗಿಸಿದರೆ ಕೆಲಸದವು ಕಿಟ್ಟಿಗೆ ಅಂಟದೆ ಉಳಿಯುತ್ತವೆ. ಬಾಟಲಿಗೆ ಗಾಳಿ ಹೋದರೂ ಇದೇ ಕಥೆ, ಗಾಳಿಯ ಆಮ್ಲಜನಕ ತವರವನ್ನು ಕೆಡಿಸುತ್ತದೆ. ಮೂರು ಗಂಟೆ ಕಾಯಿಸಿ ತೆಗೆದ ಬೋನ್ ಸ್ಕ್ಯಾನಿನಲ್ಲಿ ಮೂಳೆ ಮಂಕಾಗಿ, ಕುತ್ತಿಗೆಯ ಥೈರಾಯಿಡ್, ಜೊಲ್ಲಿನ ಗ್ರಂಥಿ, ಹೊಟ್ಟೆ ಹೊಳೆಯುತ್ತಿದ್ದರೆ ಅಂಟದ ಪರ್ಟೆಕ್ನಿಟೇಟ್ ತಿರುಗಾಡಿದೆ ಎಂದರ್ಥ. ರಜೆಯಿದ್ದರೂ ಭಾನುವಾರ ಒಬ್ಬರು ಬಂದು ಹಸುವನ್ನು ಕರೆದು ಚೆಲ್ಲಿ ಹೋಗುವ ಪದ್ಧತಿ ಅನೇಕ ಕಡೆ ಇರುವುದು ಇದಕ್ಕೇ. ಅಂಟದೆ ಉಳಿದದ್ದೆಷ್ಟು ಎಂದು ತೋರಿಸುವ ಕಾಗದದ ಕ್ರೊಮ್ಯಾಟೋಗ್ರಫಿ ಪರೀಕ್ಷೆ ಹತ್ತು ನಿಮಿಷದ್ದು, ಬಿಟ್ಟುಬಿಡುವ ಆಸೆ ಯಾರಿಗಾದರೂ ಆಗುತ್ತದೆ. ಬಿಡಬಾರದು.

ಹಸು ಹುಟ್ಟುವ ಕೊಟ್ಟಿಗೆ

ಜನರೇಟರ್ ತಂದರೆ ಸಾಕು ಎನ್ನುವಾಗ ತಾಯಿ ಎಲ್ಲಿಂದ ಬರುತ್ತದೆ ಎಂದು ಕೇಳಲೇಬೇಕು. ಯುರೇನಿಯಂ ಫಲಕಗಳನ್ನು ಸಂಶೋಧನಾ ರಿಯಾಕ್ಟರಿನಲ್ಲಿ ಐದಾರು ದಿನ ಇಟ್ಟರೆ, ಸೀಳಿದ ನೂರು ಪರಮಾಣುಗಳಲ್ಲಿ ಆರರಷ್ಟು ಮಾಲಿಬ್ಡಿನಂ-99ರ ಸಾಲಿಗೆ ಸೇರುತ್ತವೆ. ಹೊರತೆಗೆದ ಕ್ಷಣದಿಂದ ಗಂಟೆಗೆ ಒಂದು ಪ್ರತಿಶತ ಸೋರುತ್ತದೆ. ಈ ವ್ಯಾಪಾರದ ಅಳತೆಯೇ 'ಆರು ದಿನದ ಕ್ಯೂರಿ' (ಕ್ಯೂರಿ ಎಂದರೆ ವಿಕಿರಣದ ಹಳೆಯ ಅಳತೆ), ಸಂಸ್ಕರಣೆ ಮುಗಿದ ಆರು ದಿನದ ಮೇಲೆ ಎಷ್ಟು ಉಳಿಯುತ್ತದೋ ಅಷ್ಟಕ್ಕೆ ದುಡ್ಡು. ಮೊದಲು ಇದ್ದುದರಲ್ಲಿ ಅದು ನೂರಕ್ಕೆ 22.

ಜಗತ್ತಿನ ಬಹುಪಾಲು ಮಾಲಿಬ್ಡಿನಂ ಬೆಲ್ಜಿಯಂನ ಬಿಆರ್-2, ನೆದರ್ಲೆಂಡ್ಸಿನ ಪೆಟ್ಟೆನ್, ದಕ್ಷಿಣ ಆಫ್ರಿಕದ ಸಫಾರಿ-1, ಆಸ್ಟ್ರೇಲಿಯದ ಓಪಲ್, ಪೋಲೆಂಡಿನ ಮರಿಯಾ, ಚೆಕ್ ದೇಶದ ಎಲ್‌ವಿಆರ್-15ರಂಥ ಬೆರಳೆಣಿಕೆಯ ರಿಯಾಕ್ಟರುಗಳಿಂದ ಬರುತ್ತದೆ. ಓಪಲ್ ಬಿಟ್ಟರೆ ಹೆಚ್ಚಿನವು ಅಜ್ಜನ ಕಾಲದವು. 2009ರ ಮೇ ತಿಂಗಳಲ್ಲಿ ಕೆನಡಾದ ಎನ್‌ಆರ್‌ಯು ರಿಯಾಕ್ಟರು ಭಾರಜಲ ಸೋರಿ ನಿಂತಾಗ, ಮರುವರ್ಷ ಪೆಟ್ಟೆನ್ ಸಹ ದುರಸ್ತಿಗೆ ನಿಂತಾಗ ಜಗತ್ತಿನಾದ್ಯಂತ ಸ್ಕ್ಯಾನುಗಳು ಮುಂದೂಡಲ್ಪಟ್ಟವು. ಎನ್‌ಆರ್‌ಯು 2018ರಲ್ಲಿ ಶಾಶ್ವತವಾಗಿ ಮುಚ್ಚಿತು. 2024ರ ಅಕ್ಟೋಬರಿನಲ್ಲಿ ಪೆಟ್ಟೆನ್‌ನ ಒಂದು ಪೈಪು ಆಕಾರಗೆಟ್ಟದ್ದು ಕಂಡು ಮರುಚಾಲನೆ ತಡವಾಯಿತು, ಮತ್ತೆ ಕೊರತೆ. ದಾಸ್ತಾನು ಇಡಲಾಗದ ಸರಕಿನಲ್ಲಿ ಒಂದು ಪೈಪಿನ ಸುದ್ದಿ ವಾರದೊಳಗೆ ಆಸ್ಪತ್ರೆಯ ಕೌಂಟರಿಗೆ ಬಂದು ನಿಲ್ಲುತ್ತದೆ.

ನಮ್ಮಲ್ಲಿ ಭಾರ ಹೊತ್ತಿರುವುದು ಮುಂಬೈಯ ಟ್ರಾಂಬೆಯ ಧ್ರುವ ರಿಯಾಕ್ಟರು, 100 ಮೆಗಾವಾಟಿನದು, 1985ರದು. ಜೊತೆಗಿದ್ದ ಸೈರಸ್ 2010ರ ಕೊನೆಗೆ ನಿಂತಿತು. ಯುರೇನಿಯಂ ಸೀಳದೆ, ಸಾದಾ ಮಾಲಿಬ್ಡಿನಂಗೇ ನ್ಯೂಟ್ರಾನು ಹೊಡೆದು ಮಾಡುವ ದಾರಿಯನ್ನು ಭಾರತ ಬಹಳ ಕಾಲ ನೆಚ್ಚಿತ್ತು. ಕಸ ಕಡಿಮೆ, ಆದರೆ ಗ್ರಾಮಿಗೆ ಸಿಗುವ ವಿಕಿರಣವೂ ಕಡಿಮೆ, ಬೆರಳುದ್ದದ ಕೊಳವೆಯಲ್ಲಿ ತುಂಬಲು ಸಾಲದು. ಅದಕ್ಕೇ ಎಂಇಕೆ ದ್ರಾವಕದಿಂದ ಹಿಂಡಿ ತೆಗೆಯುವ ವಿಧಾನ, ಜೆಲ್ ಜನರೇಟರು ಬಂದವು. ವೈದ್ಯಕೀಯ ಐಸೊಟೋಪಿಗೆಂದೇ, ಅಂದರೆ ಇಂಥ ವಿಕಿರಣಶೀಲ ಸರಕಿಗೆಂದೇ, ಖಾಸಗಿ ಸಹಭಾಗಿತ್ವದ ರಿಯಾಕ್ಟರನ್ನು ಕೇಂದ್ರ ಸರ್ಕಾರ ಘೋಷಿಸಿದ್ದು 2020ರ ಮೇನಲ್ಲಿ. ರಿಯಾಕ್ಟರು ಘೋಷಣೆಯಷ್ಟು ಬೇಗ ಏಳುವ ಕಟ್ಟಡವಲ್ಲ.

ಕರಾವಳಿಯಲ್ಲಿ ಈ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ, ಕೈಗಾ ಇದೆಯಲ್ಲ, ಅಲ್ಲಿಂದಲೇ ತರಬಾರದೇ ಎಂದು. ಪೆದ್ದು ಪ್ರಶ್ನೆ ಎಂದು ನಗುವ ಅಗತ್ಯವಿಲ್ಲ. ವಿದ್ಯುತ್ ರಿಯಾಕ್ಟರು ತಿಂಗಳುಗಟ್ಟಲೆ ಒಂದೇ ಸಮ ಓಡಬೇಕು, ಐದು ದಿನಕ್ಕೊಮ್ಮೆ ಏನನ್ನೋ ಒಳಗಿಟ್ಟು ಹೊರತೆಗೆಯಲು ಅದನ್ನು ಕಟ್ಟಿಲ್ಲ. ಐದೂ ಕಾಲು ವರ್ಷ ಅರ್ಧಾಯುಷ್ಯದ ಕೋಬಾಲ್ಟ್-60ಕ್ಕೆ ಪರವಾಗಿಲ್ಲ, ರಾಜಸ್ಥಾನದ ವಿದ್ಯುತ್ ರಿಯಾಕ್ಟರಿನಲ್ಲಿ ಅದು ಆಗುತ್ತದೆ. ಆದರೆ ಕೈಗಾದ್ದೇ ಜಾತಿಯ ಭಾರಜಲ ರಿಯಾಕ್ಟರಿಗೆ ಪ್ರತ್ಯೇಕ ವ್ಯವಸ್ಥೆ ಜೋಡಿಸಿ ಕೆನಡಾದ ಬ್ರೂಸ್ ಸ್ಥಾವರ 2022ರಿಂದ ಕ್ಯಾನ್ಸರ್ ಚಿಕಿತ್ಸೆಯ ಲುಟೀಷಿಯಂ-177 ತೆಗೆಯುತ್ತಿದೆ. ಅಂದರೆ ಅಸಾಧ್ಯವಲ್ಲ, ದುಡ್ಡು ಮತ್ತು ಪರವಾನಗಿಯ ವಿಷಯ.

ಕಾಸರಗೋಡಿಗೆ ಏನು ಕೇಳಬೇಕು

ಇಷ್ಟು ಹೇಳಿದ ಮೇಲೆ ನಮ್ಮ ಅಭಿಪ್ರಾಯ ಸ್ಪಷ್ಟ: ಜಿಲ್ಲೆಗೆ ಮೊದಲು ಬೇಕಾದ್ದು ಟೆಕ್ನೀಷಿಯಂನ ಕಿರಣ ಹಿಡಿದು ಚಿತ್ರ ತೆಗೆಯುವ ಗಾಮಾ ಕ್ಯಾಮೆರಾ ಮತ್ತು ವಾರಕ್ಕೊಂದು ಜನರೇಟರ್. ಪೆಟ್ ಆಮೇಲೆ. ಮಂಗಳೂರು, ಕಣ್ಣೂರು ಎರಡೂ ವಿಮಾನ ನಿಲ್ದಾಣಗಳ ನಡುವೆ ಜಿಲ್ಲೆಯಿದೆ, ಒಂದರಲ್ಲಿ ಸರಕು ತಪ್ಪಿದರೆ ಇನ್ನೊಂದು. ವಿಕಿರಣ ಸೂಚಿಸುವ ಹಳದಿ ಲೇಬಲ್ಲಿನ ಪೆಟ್ಟಿಗೆ ಕಂಡರೆ ವಿಮಾನಕ್ಕೆ ಹತ್ತಿಸಿಕೊಳ್ಳಲು ಹಿಂದೇಟು ಹಾಕುವುದು ಜಗತ್ತಿನೆಲ್ಲೆಡೆ ಇರುವ ತಲೆನೋವು. ಎರಡನೇ ದರ್ಜೆಯ ಹಳದಿ ಲೇಬಲ್ಲಿಗೆ ಹೊರಮೈಯಲ್ಲಿ ಗಂಟೆಗೆ 0.5 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ), ಮೂರನೆಯದಕ್ಕೆ 2 ಮಿಲಿಸೀವರ್ಟ್ ಮೀರಬಾರದು ಎಂಬ ಮಿತಿಯನ್ನು ಸರಕು ವಿಭಾಗದವರಿಗೆ ಮೀಟರು ಹಿಡಿದು ತೋರಿಸಿದರೆ ಅರ್ಧ ಹೆದರಿಕೆ ಇಳಿಯುತ್ತದೆ.

ಕ್ಯಾಮೆರಾದ ಶತ್ರು ಬೇರೆಯೇ. ಅದರ ಹೃದಯ ಸೋಡಿಯಂ ಅಯೋಡೈಡಿನ ಒಂದು ದೊಡ್ಡ ಹರಳು, ಅರ್ಧ ಅಂಗುಲವೂ ದಪ್ಪವಿಲ್ಲ. ಗಂಟೆಯಲ್ಲಿ ಕೆಲವೇ ಡಿಗ್ರಿ ಉಷ್ಣಾಂಶ ಏರಿಳಿದರೂ ಬಿರುಕು ಬಿಡುತ್ತದೆ, ತೇವ ತಾಗಿದರೆ ಹಳದಿಗಟ್ಟುತ್ತದೆ. ಆಟಿಯ ಮಳೆಗೆ ಮರ ಬಿದ್ದು ರಾತ್ರಿಯಿಡೀ ಕರೆಂಟು ಹೋಗುವ ನಮ್ಮ ಊರಲ್ಲಿ ಎಸಿಗೂ ಜನರೇಟರು ಬೇಕು (ಇದು ಡೀಸೆಲಿನದು). ಬದಲಿ ಹರಳಿನ ಬೆಲೆ ಕೇಳಿದ ಮೇಲೆ ಡೀಸೆಲ್ ಅಗ್ಗ ಅನ್ನಿಸುತ್ತದೆ. ಯಂತ್ರಕ್ಕಿಂತ ಕಷ್ಟ ಮನುಷ್ಯರದ್ದು: ನ್ಯೂಕ್ಲಿಯರ್ ಮೆಡಿಸಿನ್ ವೈದ್ಯರು, ತರಬೇತಾದ ತಂತ್ರಜ್ಞರು, ವಿಕಿರಣ ಸುರಕ್ಷತಾ ಅಧಿಕಾರಿ ಇಲ್ಲದೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಪರವಾನಗಿ ಕೊಡುವುದಿಲ್ಲ, ಕೊಡಲೂಬಾರದು.

ಪೆಟ್ ಸ್ಕ್ಯಾನರೇ ಬಂದರೂ ಫ್ಲೋರಿನ್ನಿಗಾಗಿ ಕಾಯುವ ದಿನಗಳಲ್ಲಿ ಅದನ್ನು ದುಡಿಸುವ ದಾರಿ ಒಂದಿದೆ. ಜರ್ಮೇನಿಯಂ-68ರ ಅರ್ಧಾಯುಷ್ಯ 271 ದಿನ, ಅದರ ಮಗು ಗ್ಯಾಲಿಯಂ-68ರದ್ದು 68 ನಿಮಿಷ. ಒಂದು ಜನರೇಟರು ವರ್ಷದ ಹತ್ತಿರ ಬಾಳುತ್ತದೆ, ನಾಲ್ಕು ಗಂಟೆಗೊಮ್ಮೆ ಕರೆಯಬಹುದು. ಪ್ರಾಸ್ಟೇಟ್ ಕ್ಯಾನ್ಸರಿನ ಪಿಎಸ್‌ಎಂಎ ಸ್ಕ್ಯಾನಿಗೆ ಇದು ಸಾಕು. ದುಬಾರಿ ನಿಜ, ಆದರೆ ರಸ್ತೆಯ ಹಂಗಿಲ್ಲ.

ಅಯೋಡಿನ್-131 ಬರುವುದರಲ್ಲಿ ತೊಂದರೆಯೇ ಇಲ್ಲ. ಮುಂಬೈಯಿಂದ ಎರಡು ದಿನ ತಡವಾದರೂ ಹೋಗುವುದು ನೂರಕ್ಕೆ 16. ಥೈರಾಯಿಡ್ ಕ್ಯಾನ್ಸರಿನ ಶಸ್ತ್ರಕ್ರಿಯೆಯ ಮೇಲೆ ಕೊಡುವ 3.7 ಗಿಗಾಬೆಕರೆಲ್, ಹಳೆಯ ಲೆಕ್ಕದಲ್ಲಿ 100 ಮಿಲಿಕ್ಯೂರಿ, ಬಹುಪಾಲು ಮೂತ್ರದಲ್ಲಿ ಹೊರಬರುತ್ತದೆ. ರೋಗಿಯಿಂದ ಒಂದು ಮೀಟರ್ ದೂರದಲ್ಲಿ ಗಂಟೆಗೆ 50 ಮೈಕ್ರೋಸೀವರ್ಟಿಗೆ ಇಳಿಯುವವರೆಗೆ ಪ್ರತ್ಯೇಕ ವಾರ್ಡು, ಅದರ ಪಾಯಿಖಾನೆ ನೀರಿಗೆ ಪ್ರತ್ಯೇಕ ತೊಟ್ಟಿ. ಹತ್ತು ಅರ್ಧಾಯುಷ್ಯ, ಅಂದರೆ 80 ದಿನ ಹಿಡಿದಿಟ್ಟರೆ ಸಾವಿರದ ಒಂದು ಪಾಲಿಗೆ ಇಳಿಯುತ್ತದೆ. ಎರಡು ಹಾಸಿಗೆ, ತಲಾ ದಿನಕ್ಕೆ 100 ಲೀಟರ್ ಎಂದಿಟ್ಟುಕೊಂಡರೂ 80 ದಿನಕ್ಕೆ 16,000 ಲೀಟರ್. ಒಂದು ತೊಟ್ಟಿ ತುಂಬುವಾಗ ಇನ್ನೊಂದು ಮಾಗಬೇಕು, ಆದ್ದರಿಂದ ಅಂಥವು ಎರಡು. ನಮ್ಮ ನೆಲ ಮುರಕಲ್ಲಿನದು, ತೂತು ತೂತಾದದ್ದು. ಎಣ್ಮಕಜೆ, ಬಾಯಾರು ಕಡೆ ಜನ ಕುಡಿಯುವುದು ಗುಡ್ಡಕ್ಕೆ ಕೊರೆದ ಸುರಂಗದ ನೀರನ್ನು. ಇಲ್ಲಿ ತೊಟ್ಟಿ ನೆಲದಡಿ ಹೂಳುವ ಮಾತೇ ಬೇಡ. ನೆಲದ ಮೇಲೆ, ಸುತ್ತ ಕಟ್ಟೆ ಕಟ್ಟಿ, ಸೋರಿದರೆ ಕಣ್ಣಿಗೆ ಕಾಣುವಂತೆ ಇರಬೇಕು.

ಇದಾಗುವವರೆಗೆ ಪ್ರಯಾಣ ರೋಗಿಯದ್ದೇ, ಆಗಲೂ ಇದೇ ಗಣಿತ. ಒಂಬತ್ತಕ್ಕೆ ಬರಬೇಕಿದ್ದವರು ಹೆದ್ದಾರಿ ಕೆಲಸದಲ್ಲಿ ಸಿಕ್ಕಿ ಹನ್ನೊಂದಕ್ಕೆ ಬಂದರೆ ಅವರಿಗೆಂದು ತುಂಬಿಟ್ಟ ಟೆಕ್ನೀಷಿಯಂ ಸಿರಿಂಜಿನಲ್ಲಿ 79 ಪ್ರತಿಶತ ಇರುತ್ತದೆ, ಹೇಗೋ ನಡೆಯುತ್ತದೆ. ಎಫ್‌ಡಿಜಿಯಾದರೆ 47, ಆ ದಿನ ವಾಪಸು ಕಳಿಸಲೂಬಹುದು. ಪೆಟ್‌ಗೆ ಹೋಗುವವರು ಆರು ಗಂಟೆ ಬರೀ ನೀರು ಕುಡಿದುಕೊಂಡಿರಬೇಕು, ದಾರಿಯಲ್ಲಿ ಒಂದು ಸಿಹಿ ಚಾ ಕುಡಿದರೂ ಔಷಧಿಯ ಗ್ಲೂಕೋಸು ಗಡ್ಡೆಯ ಬದಲು ಮಾಂಸಖಂಡ ಸೇರುತ್ತದೆ. ರಕ್ತದ ಸಕ್ಕರೆ 200 ದಾಟಿದ್ದರೆ ಸಾಮಾನ್ಯವಾಗಿ ಮುಂದೂಡುತ್ತಾರೆ. ಅಯೋಡಿನ್ ಚಿಕಿತ್ಸೆಗೆ ಮುಂಚೆ ಒಂದೆರಡು ವಾರ ಬಂಗುಡೆ, ಬೂತಾಯಿ, ಸಿಗಡಿ, ಅಯೋಡಿನ್ ಉಪ್ಪು ಯಾವುದೂ ಬೇಡ. ಮೀನಿಲ್ಲದ ಊಟ ನಮ್ಮ ಕಡೆಯವರಿಗೆ ಚಿಕಿತ್ಸೆಗಿಂತ ಕಷ್ಟವೆನಿಸಿದರೂ.

ಗಲ್ಫಿನಿಂದ ರಜೆಯಲ್ಲಿ ಬಂದು ಚಿಕಿತ್ಸೆ ಮಾಡಿಸಿಕೊಂಡು ಮರಳುವವರು ಇಲ್ಲಿ ಮನೆಮನೆಯಲ್ಲಿದ್ದಾರೆ. ವಿಮಾನ ನಿಲ್ದಾಣದ ವಿಕಿರಣ ಪತ್ತೆ ಯಂತ್ರ ಎಫ್‌ಡಿಜಿಯನ್ನು ಒಂದು ದಿನ, ಟೆಕ್ನೀಷಿಯಂನ್ನು ಮೂರು ದಿನದವರೆಗೆ ಹಿಡಿಯಬಲ್ಲದು. ಅಯೋಡಿನ್-131 ಕುಡಿದವರ ಮೈಯಲ್ಲಿ ಮೂರು ತಿಂಗಳವರೆಗೂ. ಡಿಸ್ಚಾರ್ಜ್ ಆಗುವಾಗ ಐಸೊಟೋಪಿನ ಹೆಸರು, ಪ್ರಮಾಣ, ಕೊಟ್ಟ ದಿನಾಂಕ, ಆಸ್ಪತ್ರೆಯ ಫೋನ್ ನಂಬರು ಇರುವ ಪತ್ರವನ್ನು ಇಂಗ್ಲಿಷಿನಲ್ಲಿ ಬರೆಸಿಕೊಳ್ಳಬೇಕು, ಅದನ್ನು ಚೆಕ್-ಇನ್ ಪೆಟ್ಟಿಗೆಯಲ್ಲಲ್ಲ, ಪಾಸ್‌ಪೋರ್ಟಿನೊಳಗೆ ಇಟ್ಟುಕೊಳ್ಳಬೇಕು.